ಕವಿಯಮ್ಮನ ಪದ್ಯದಲ್ಲಿ ನನ್ನ ವಯಸ್ಸು

ಆಗ ನನಗೆ ಅರವತ್ತೆಂಟು, ಕಂಪನಿಯಲ್ಲಿ ಐವತ್ತಾರು. ಇದು ಏಳು ವರ್ಷದ ಹಿಂದಿನ ಮಾತು.

ಎರಡು ವಯಸ್ಸು ಹೇಗೆ ಬಂತೆಂದರೆ, ಆಧಾರ್ ಕಾರ್ಡಿಗೆ ಫೋಟೋ ಹಿಡಿಯುವವರು ನಮ್ಮೂರಿಗೆ ಬಂದದ್ದು ನನ್ನ ಕಿರಿಮಗನ ಮದುವೆಯ ಮಾರನೆಯ ದಿನ. ಮದುವೆಗೆಂದು ನನ್ನ ತಲೆಗೆ ಕಪ್ಪು ಹಚ್ಚಿಸಿದ್ದರು. ಹುಟ್ಟಿದ ವರ್ಷ ಹೇಳಿ ಎಂದರು. ನಮ್ಮಪ್ಪ ಜಾತಕ ಬರೆಸಿದ್ದು ಅಣ್ಣನಿಗೆ ಮಾತ್ರ. ಅಣ್ಣನ ವರ್ಷ ಹಿಡಿದು, ಅದಕ್ಕೆ ಎರಡು ಸೇರಿಸಿ ನನ್ನದನ್ನು ಹೇಳಬೇಕು. ಅಷ್ಟು ಕೇಳುವ ತಾಳ್ಮೆ ಕಂಪ್ಯೂಟರ್ ಮುಂದೆ ಕೂತವನಿಗಿರಲಿಲ್ಲ. ನನ್ನ ತಲೆ ನೋಡಿದ, ತೋಚಿದ ವರ್ಷ ಒತ್ತಿದ. ಹನ್ನೆರಡು ವರ್ಷ ಹೋಯಿತು. ಆ ಕಾರ್ಡಿನ ಪ್ರಕಾರ ನನ್ನ ದೊಡ್ಡ ಮಗಳನ್ನು ನಾನು ಎಂಟನೇ ವಯಸ್ಸಿಗೆ ಹೆತ್ತಿದ್ದೇನೆ. ಇದುವರೆಗೆ ಯಾವ ಆಫೀಸಿನವರೂ ಅದನ್ನು ಕೂಡಿ ಕಳೆದು ನೋಡಿಲ್ಲ.

ಪಲ್ಲಡದಿಂದ ತಿರುಪ್ಪೂರಿಗೆ ಹೋಗುವ ರಸ್ತೆಯಲ್ಲಿ ಒಂದು ಬನಿಯನ್ ಕಂಪನಿ. ಅಲ್ಲಿ ನಾನು ಪಿಸಿರು ಕತ್ತರಿಸುತ್ತಿದ್ದೆ. ಹೊಲಿಗೆ ಮುಗಿದ ಬನಿಯನ್ನಿನಲ್ಲಿ ಅಲ್ಲೊಂದು ಇಲ್ಲೊಂದು ದಾರದ ತುದಿ ನೇತಾಡುತ್ತಿರುತ್ತದಲ್ಲ, ಅದೇ ಪಿಸಿರು. ಮೇಜಿಗೊಂದು ಪುಟ್ಟ ಕತ್ತರಿಯನ್ನು ದಾರದಲ್ಲಿ ಕಟ್ಟಿರುತ್ತಾರೆ, ಯಾರೂ ಒಯ್ಯಬಾರದೆಂದು. ಅದರ ಮುಂದೆ ಕೂತು ದಿನವಿಡೀ ಕತ್ತರಿಸುವುದು. ಐವತ್ತೆಂಟು ತುಂಬಿದವರಿಗೆ ಅಲ್ಲಿ ಸೀಟಿಲ್ಲ.

ಆ ಸೀಟು ನನಗೆ ಬೇಕಿತ್ತು. ಸಂಬಳಕ್ಕಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಸಂಬಳಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಕೂರಬಾರದೆಂದು ಬೇಕಿತ್ತು. ನನ್ನ ಸೊಸೆ ಒಳ್ಳೆಯವಳು. ಅದೇ ತೊಂದರೆ. ಒಂದು ಚೊಂಬು ಎತ್ತಲು ಹೋದರೂ "ನೀವು ಸುಮ್ನೆ ಕೂತ್ಕಳಿ ಅತ್ತೆ" ಅನ್ನುತ್ತಾಳೆ. ಪಕ್ಕದ ಮನೆಯ ನನ್ನ ಓರಗಿತ್ತಿ ಹೀಗೆ ಸುಮ್ಮನೆ ಕೂತವಳು ಎರಡೇ ವರ್ಷದಲ್ಲಿ ಮಾತು ಮರೆತಳು. ಟೀವಿಯಲ್ಲಿ ಯಾರಾದರೂ ಅತ್ತರೆ ತಾನೂ ಅಳುತ್ತಾಳೆ. ಯಾಕೆ ಅಂತ ಕೇಳಿದರೆ ನನ್ನ ಮುಖ ನೋಡುತ್ತಾಳೆ. ಅವಳು ನನಗಿಂತ ಆರು ವರ್ಷ ಚಿಕ್ಕವಳು.

ಇನ್ನು ಆಡಿಟ್ ಅಂದರೇನು ಅಂತ ಹೇಳಬೇಕು. ಬನಿಯನ್ ಕೊಳ್ಳುವ ಹೊರದೇಶದವರು, ಇಲ್ಲಿ ಆಳುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂದು ಪರೀಕ್ಷೆ ಮಾಡಲು ಜನ ಕಳಿಸುತ್ತಾರೆ. ಅವರು ಬರುವ ವಾರ ಮೊದಲೇ ಕಂಪನಿಗೆ ತಿಳಿದಿರುತ್ತದೆ. ಗೋಡೆಗೆ ಸುಣ್ಣ ಬೀಳುತ್ತದೆ. ಸ್ಟೋರ್ ರೂಮಿನಿಂದ ಬೆನ್ನು ಒರಗುವ ಕುರ್ಚಿಗಳು ಹೊರಗೆ ಬರುತ್ತವೆ. ಉಳಿದ ದಿನ ನಮಗೆ ಮುಕ್ಕಾಲಿ. ಹೆಚ್‌ಆರ್ ಕೆಲಸದ ಹುಡುಗ, ನಾವೆಲ್ಲ ತಂಬಿ ಅಂತ ಕರೆಯುವವನು, ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ತಮಿಳಿನಲ್ಲಿ ಉತ್ತರ ಬಾಯಿಪಾಠ ಮಾಡಿಸುತ್ತಾನೆ. ನೀರು ಇದೆಯಾ? ಇದೆ. ಯಾರಾದರೂ ಬೈಯುತ್ತಾರಾ? ಇಲ್ಲ. ಎಷ್ಟು ಗಂಟೆ ಕೆಲಸ? ಎಂಟು. ವಯಸ್ಸೆಷ್ಟು? ಕಾರ್ಡಿನಲ್ಲಿರುವಷ್ಟು. ಕಾರ್ಡು ಏನೇ ಹೇಳಿದರೂ ಮುಖ ಬೇರೆ ಹೇಳುವಂಥ ನಮ್ಮಂಥವರು ಏಳೆಂಟು ಮಂದಿ. ನಮ್ಮನ್ನು ಬೆಳಗ್ಗೆಯೇ ವ್ಯಾನು ಹತ್ತಿಸಿ ಆನೈಮಲೈಗೆ, ಮಾಸಾಣಿಯಮ್ಮನ ದರ್ಶನಕ್ಕೆ ಕಳಿಸಿಬಿಡುತ್ತಾರೆ. ಆ ಅಮ್ಮನ ಗುಡಿಯಲ್ಲಿ ಅನ್ಯಾಯವಾದವರು ಕಲ್ಲಿನ ಮೇಲೆ ಮೆಣಸಿನಕಾಯಿ ಅರೆದು ಹಚ್ಚಿ ನ್ಯಾಯ ಬೇಡುತ್ತಾರೆ. ನಾವು ಕಂಪನಿ ಕೊಟ್ಟ ಪುಳಿಯೋಗರೆ ತಿಂದು, ತೆಂಗಿನ ನೆರಳಲ್ಲಿ ಒಂದು ನಿದ್ದೆ ತೆಗೆದು ಬರುತ್ತೇವೆ.

ಕವಿಯಮ್ಮ ಬಂದದ್ದು ಹೇಳದೆ ಕೇಳದೆ. ಒಂದು ಮಂಗಳವಾರ, ಉದ್ದಕ್ಕೆ, ಬೆಳ್ಳಗೆ, ಖಾದಿ ಜುಬ್ಬ ಹಾಕಿಕೊಂಡು, ಕೈಯಲ್ಲೊಂದು ನೋಟುಪುಸ್ತಕ ಹಿಡಿದು ಒಬ್ಬಾಕೆ ಒಳಗೆ ಬಂದರು. ಅಮೆರಿಕದವರು, ಬಡವರ ಪರವಾಗಿ ಪದ್ಯ ಬರೆಯುವವರು, ನಮ್ಮ ಮೇಲೂ ಬರೆಯಲು ಬಂದಿದ್ದಾರೆ ಎಂದು ತಂಬಿ ಹೇಳಿದ. ಯಾರೂ ನಂಬಲಿಲ್ಲ. ನೋಟುಪುಸ್ತಕ ಹಿಡಿದ ಬಿಳಿ ಹೆಂಗಸು ಅಂದರೆ ಆಡಿಟ್. ಈಗ ವೇಷ ಬದಲಿಸಿ ಬರುತ್ತಿದ್ದಾರೆ, ಅಷ್ಟೇ.

ಹಾಗಾಗಿ ಮೂರು ದಿನ ಕವಿಯಮ್ಮ ಯಾರನ್ನು ಏನು ಕೇಳಿದರೂ ಬಾಯಿಪಾಠ. "ನಿಮ್ಮ ಕನಸೇನು?" ಅಂತ ನನ್ನ ಪಕ್ಕದ ಸೀಟಿನವಳನ್ನು ಕೇಳಿದರಂತೆ. ಅವಳು ಎದ್ದು ನಿಂತು, "ಕುಡಿಯುವ ನೀರು ಸಾಕಷ್ಟಿದೆ. ಶೌಚಾಲಯ ಶುದ್ಧವಾಗಿದೆ. ಬೆಂಕಿ ಬಿದ್ದರೆ ಎಡಗಡೆ ಬಾಗಿಲಲ್ಲಿ ಓಡಬೇಕು" ಅಂದಳಂತೆ. "ರಾತ್ರಿ ಮಲಗುವಾಗ ಏನು ಯೋಚಿಸುತ್ತೀರಿ?" ಎಂಬುದಕ್ಕೂ ಎಡಗಡೆ ಬಾಗಿಲೇ. ಕಷ್ಟ ಹುಡುಕಿಕೊಂಡು ಏಳು ಸಮುದ್ರ ದಾಟಿ ಬಂದವರಿಗೆ ಒಂದು ಚೂರು ಕಷ್ಟ ಸಿಗಲಿಲ್ಲ.

ಇದನ್ನೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಆ ಮೂರು ದಿನ ನಾನು ಮೇಜಿನಲ್ಲಿರಲಿಲ್ಲ. ವ್ಯಾನು ಕರೆಸಲು ಹೊತ್ತಿರಲಿಲ್ಲವಾದ್ದರಿಂದ ತಂಬಿ ಮುದುಕಿಯರನ್ನೆಲ್ಲ ಒಂದೊಂದು ಮೂಲೆಗೆ ತಳ್ಳಿದ್ದ. ನನ್ನ ಪಾಲಿಗೆ ಬಂದದ್ದು ಚಿಂದಿ ಕೋಣೆ, ಕತ್ತರಿಸಿ ಉಳಿದ ಬಟ್ಟೆಯನ್ನು ಮೂಟೆ ಕಟ್ಟಿಡುವ ಜಾಗ. ಮೆತ್ತಗಿತ್ತು. ಮೂರನೆಯ ದಿನ ಮಧ್ಯಾಹ್ನ ಕಾಲು ಚಾಚಲು ಹೋಗಿ ಕಬ್ಬಿಣದ ತಕ್ಕಡಿಗೆ ಹೆಬ್ಬೆರಳು ಬಡಿದುಕೊಂಡೆ. "ಅಯ್ಯೋ, ನಿನ್ನ ಮನೆ ಹಾಳಾಗ!" ಅಂದೆ ತಕ್ಕಡಿಗೆ.

ಬಾಗಿಲ ಹೊರಗಿಂದ ಒಂದು ದನಿ: "ಅಜ್ಜಿ? ನೀವು ಕನ್ನಡದವರಾ?"

ನಮ್ಮದು ಹಲವು ತಲೆಮಾರಿನಿಂದ ಇಲ್ಲೇ ಬೇಸಾಯ ಮಾಡಿಕೊಂಡ ಕನ್ನಡದ ಮನೆ. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕಂಪನಿಯಲ್ಲಿ ನಮ್ಮ ಭಾಷೆಯವರು ಕೆಲವರಿದ್ದರೂ ಗೇಟಿನೊಳಗೆ ಎಲ್ಲರದೂ ತಮಿಳೇ; ಇಪ್ಪತ್ತು ವರ್ಷದಿಂದ ಅಲ್ಲಿ ನನ್ನನ್ನು ಯಾರೂ ಕನ್ನಡದಲ್ಲಿ ಮಾತಾಡಿಸಿರಲಿಲ್ಲ. ಬಾಗಿಲಲ್ಲಿ ನಿಂತದ್ದು ಮೈಸೂರು ಕಡೆಯ ಒಬ್ಬಳು ಹುಡುಗಿ. ತಿರುಪ್ಪೂರಿನ ಆರ್ಡರು ಆಫೀಸಿನಲ್ಲಿ ಕೆಲಸ. ಇಂಗ್ಲಿಷ್ ಚೆನ್ನಾಗಿ ಬರುತ್ತದೆಂದು ಕವಿಯಮ್ಮನ ಜೊತೆ ಕಳಿಸಿದ್ದರು. ತಮಿಳು ಮಾತ್ರ ಅವಳಿಗೆ ಅರ್ಧಂಬರ್ಧ. ಮುಂದೆ ನನಗೆ ಈ ಕನ್ನಡ ಅಕ್ಷರ ಕಲಿಸಿದವಳೂ ಅವಳೇ. ಇಲ್ಲಿ ತಪ್ಪಿದ್ದರೆ ಅವಳನ್ನು ಕೇಳಿ. ಅವಳ ಹಿಂದೆ ಕವಿಯಮ್ಮ ನಿಂತಿದ್ದರು.

"ಇಲ್ಲೇನ್ ಮಾಡ್ತಿದೀರಾ ಅಜ್ಜಿ?"

"ಬಚ್ಚಿಟ್ಕಂಡಿವ್ನಿ ಮಗಾ."

"ಯಾಕೆ?"

"ವಯಸ್ಸಾದೋರು ಕಣ್ಣಿಗೆ ಬೀಳ್ಬಾರ್ದಲ್ಲ, ಅದುಕ್ಕೆ."

"ಎಷ್ಟಾಯ್ತು ನಿಮಗೆ?"

"ಅರವತ್ತೆಂಟು."

ಅಂದುಬಿಟ್ಟೆ. ತಮಿಳಿನಲ್ಲಿ ಕೇಳಿದ್ದರೆ ನಿದ್ದೆಯಲ್ಲೂ ಐವತ್ತಾರು ಎನ್ನುತ್ತಿದ್ದೆ. ಕನ್ನಡದಲ್ಲಿ ನನಗೆ ಯಾರೂ ಉತ್ತರ ಕಲಿಸಿರಲಿಲ್ಲ. ಮನೆಯ ಭಾಷೆಯಲ್ಲಿ ಕೇಳಿದರು, ಮನೆಯಲ್ಲಿ ಹೇಳುವುದೇ ಬಾಯಿಗೆ ಬಂತು.

ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಕವಿಯಮ್ಮ ಚಿಂದಿಯ ಮೇಲೆ ಮಂಡಿಯೂರಿ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ಮೂರು ದಿನ ಹುಡುಕಿದ್ದು ಸಿಕ್ಕಿತ್ತಲ್ಲ, ಸಂತೋಷ. ಅಷ್ಟರಲ್ಲಿ ತಂಬಿ ಓಡಿಬಂದ. ನಮ್ಮನ್ನು ಆ ಸ್ಥಿತಿಯಲ್ಲಿ ನೋಡಿ ಬಾಗಿಲಲ್ಲೇ ನಿಂತ. ನನ್ನನ್ನು ಈಚೆಗೆ ಕರೆದು, ಅಜ್ಜಿಗೆ ಪಾಟ್ಟಿ ಅನ್ನುವ ತಮಿಳಿನಲ್ಲಿ, "ಪಾಟ್ಟಿ, ವಯಸ್ಸು ಕೇಳಿದ್ರಾ? ಎಷ್ಟು ಅಂದ್ರಿ?" ಎಂದು ಕೇಳಿದ.

"ಐವತ್ತಾರು" ಅಂದೆ. ತಮಿಳಿನಲ್ಲಿ ಕೇಳಿದ್ದಕ್ಕೆ ಸರಿಯಾಗಿಯೇ ಬಂತು.

ಭಾನುವಾರ ಕವಿಯಮ್ಮ ಹುಡುಗಿಯ ಜೊತೆ ನಮ್ಮ ಮನೆಗೆ ಬಂದರು. ಸೊಸೆ ಇಡ್ಲಿ ಬಡಿಸಿದಳು. ಕೈಯಲ್ಲೇ ತಿಂದರು, ಚಟ್ನಿ ಖಾರಕ್ಕೆ ಮೂಗು ಒರೆಸಿಕೊಂಡರು, ಇನ್ನೆರಡು ಹಾಕಿಸಿಕೊಂಡರು. ಆ ವಿಷಯದಲ್ಲಿ ಆಕೆ ಒಳ್ಳೆಯವರೇ. ತಿಂದಾದ ಮೇಲೆ ತಮ್ಮ ಬದುಕು ಹೇಳಿಕೊಂಡರು. ಅಪ್ಪ ಕಲ್ಲಿದ್ದಲು ಗಣಿಯ ಆಳು. ಅಮ್ಮ ಬೇರೆಯವರ ಬಟ್ಟೆ ಇಸ್ತ್ರಿ ಮಾಡಿ ಇವರನ್ನು ಓದಿಸಿದರು. ಕಾಲೇಜಿನಲ್ಲಿ ಮೇಷ್ಟ್ರಾದರು, ಮೀನಿನ ಫ್ಯಾಕ್ಟರಿಯ ಆಳುಗಳು ಮುಷ್ಕರ ಹೂಡಿದಾಗ ಅವರ ಜೊತೆ ಗೇಟಿನಲ್ಲಿ ನಿಂತು ಪದ್ಯ ಓದಿ ಆ ಕೆಲಸ ಕಳಕೊಂಡರು. ಬಾಂಬು ಮಾಡುವ ಕಾರ್ಖಾನೆಯ ಬೇಲಿ ಹತ್ತಿ ಜೈಲಿಗೆ ಹೋದರು. ಒಟ್ಟು ನಾಲ್ಕು ಸಲ ಜೈಲು. ಆಮೇಲೆ ಅದೇ ಜೈಲಿನಲ್ಲಿ ಕೈದಿಗಳಿಗೆ ಪದ್ಯ ಬರೆಯಲು ಕಲಿಸಿದರು. ಇಬ್ಬರು ಗಂಡಂದಿರು, ಹನ್ನೊಂದು ಪುಸ್ತಕ. ಗಂಡಂದಿರೂ ಉಳಿಯಲಿಲ್ಲ, ಪುಸ್ತಕವೂ ಖರ್ಚಾಗಲಿಲ್ಲ. ಈಗ ಎರಡು ನಾಯಿ ಇವೆಯಂತೆ.

"ಪದ್ಯ ಬರುದ್ರೆ ಜೈಲಿಗಾಕ್ತಾರಾ ಅಲ್ಲಿ?" ಎಂದು ಸೊಸೆ ಬೆರಗಾದಳು. "ನಮ್ಮಲ್ಲಿ ಶಾಲು ಹೊದಿಸ್ತಾರೆ."

"ಶಾಲು ಹೊದಿಸಿದ್ರೆ ಪದ್ಯ ಸಾಯುತ್ತೆ" ಅಂದರು ಕವಿಯಮ್ಮ, ಹುಡುಗಿಯ ಬಾಯಲ್ಲಿ.

ಆಮೇಲೆ ನನ್ನ ಮೇಲೆ ಬರೆದ ಪದ್ಯ ತೆಗೆದರು. ಮುಂದಿನ ಭಾನುವಾರ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಓದುತ್ತಾರಂತೆ. ನಮ್ಮ ಮುದಲಾಳಿ, ಅಂದರೆ ಕಂಪನಿಯ ಯಜಮಾನರು, ಬರುತ್ತಾರೆ. ಬನಿಯನ್ ಕೊಳ್ಳುವ ದೊರೆಗಳೂ ಇಬ್ಬರು ಬರುತ್ತಾರೆ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಹುಡುಗಿ ಪದ್ಯವನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಅರವತ್ತೆಂಟು ವರ್ಷದ ಕೈ, ಕತ್ತಲೆಯಲ್ಲಿ ದಾರ ಕತ್ತರಿಸುತ್ತದೆ, ಬಿಳಿ ಬಟ್ಟೆಯ ಮೇಲೆ ಬೆರಳಿನ ರಕ್ತ, ಹಸಿದ ಹೊಟ್ಟೆಯ ಹಾಡು, ಹೀಗೆ.

"ಕತ್ತಲೆ ಎಲ್ಲಿಂದ ಬಂತು?" ಎಂದೆ. "ನನ್ನ ಮೇಜಿನ ಮೇಲೆ ಎರಡು ಟ್ಯೂಬ್‌ಲೈಟು. ಬನಿಯನ್ ಮೇಲೆ ರಕ್ತ ಬಿದ್ರೆ ಪೀಸು ರಿಜೆಕ್ಟು, ಅವತ್ತೇ ಮನೆಗೆ ಕಳಿಸ್ತಾರೆ. ಹಸಿದ ಹೊಟ್ಟೆ ಯಾರ್ದು? ಕಂಪನಿಗೆ ಹೊಂಟ್ರೆ ನನ್ನ ಸೊಸೆ ನಾಲ್ಕು ಡಬ್ಬ ಕಟ್ತಾಳೆ."

ಕವಿಯಮ್ಮ ನಕ್ಕರು. ಅದೆಲ್ಲ ಪದ್ಯದ ರೀತಿ, ಹಾಗೆ ಬರೆದರೇ ಕೇಳುವವರ ಎದೆಗೆ ನಾಟುವುದು ಎಂದರು.

"ಆಗ್ಲಿ. ಕತ್ತಲೆ ಇರ್ಲಿ, ರಕ್ತ ಇರ್ಲಿ, ಹಸಿವು ಬೇಕಾದ್ರೂ ಹಾಕ್ಕಳಿ. ವಯಸ್ಸು ಮಾತ್ರ ಐವತ್ತಾರು ಮಾಡಿ."

"ಪದ್ಯದಲ್ಲಿ ಅದೊಂದೇ ನಿಜ ಇರೋದು!"

"ಅದುಕ್ಕೇ ಅಂತ ಹೇಳು ಮಗಾ. ಅದು ನಿಜ ಅಂತ ಗೊತ್ತಾದ್ರೆ ನನ್ನ ಸೀಟು ಹೋಯ್ತು."

ಕವಿಯಮ್ಮ ತಲೆ ಅಲ್ಲಾಡಿಸಿದರು. ತಾನು ಜೈಲಿಗೆ ಹೋಗಿದ್ದೇನೆ, ಕೆಲಸ ಕಳಕೊಂಡಿದ್ದೇನೆ, ಪದ್ಯದಲ್ಲಿ ಸುಳ್ಳು ಹೇಳಿಲ್ಲ ಎಂದರು. ನಿಮ್ಮ ಕೆಲಸ ನೀವು ಕಳಕೊಂಡಿರಿ, ಅದು ನಿಮ್ಮಿಷ್ಟ. ಇಲ್ಲಿ ಕಳಕೊಳ್ಳುವವಳು ನಾನು ಎಂದೆ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹುಡುಗಿ ಬಹಳ ಹೊತ್ತು ತೆಗೆದುಕೊಂಡಳು. ಬಿಳಿ ಮುಖ ಗಂಟಾಯಿತು. ಸಮಾಧಾನಕ್ಕೋ ಏನೋ ಚೀಲದಿಂದ ತಮ್ಮದೊಂದು ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಹಿಂದುಗಡೆ ಫೋಟೋ ಇತ್ತು: ಕಪ್ಪು ಕೂದಲಿನ, ನೋಡಿದರೆ ಕಣ್ಣು ತೆಗೆಯಲಾಗದಂಥ ಹೆಂಗಸು.

"ಇದ್ಯಾರು, ಇವರ ಮಗಳಾ?"

ಹುಡುಗಿ ತುಟಿ ಕಚ್ಚಿಕೊಂಡಳು. ಏನಂತೆ, ಏನಂತೆ ಎಂದು ಕವಿಯಮ್ಮ ಬಿಡಲಿಲ್ಲ. ಕೇಳಿದ ಮೇಲೆ ಕಿವಿವರೆಗೂ ಕೆಂಪಾದರು. ಅವರದೇ ಫೋಟೋ, ಮೂವತ್ತು ವರ್ಷದ ಹಿಂದಿನದು. ನಮ್ಮ ಮನೆಗೆ ಬಂದಾಗ ಅವರಿಗೆ ಎಪ್ಪತ್ತೊಂದು. ಅದನ್ನು ಹಾಕಿದ್ದು ತಾನಲ್ಲ, ಪುಸ್ತಕ ಅಚ್ಚು ಹಾಕಿಸಿದವರು ಎಂದರು.

"ನನ್ದೂ ನಾನ್ ಹಾಕಿದ್ದಲ್ಲ, ಕಾರ್ಡಿನೋನು ಹಾಕಿದ್ದು" ಎಂದೆ.

ಎರಡು ವರ್ಷದ ಮೇಲೆ ಅವರ ಹೊಸ ಪುಸ್ತಕ ಅಂಚೆಯಲ್ಲಿ ಬಂತು. ಅದರಲ್ಲೂ ಅದೇ ಕಪ್ಪು ಕೂದಲು. ನಾನೇನೂ ಅಂದುಕೊಳ್ಳಲಿಲ್ಲ.

ಹೊರಡುವಾಗ ಕವಿಯಮ್ಮ ಹೊಸಿಲಲ್ಲಿ ನಿಂತು, ವಯಸ್ಸು ತೆಗೆದರೆ ಪದ್ಯದಲ್ಲಿ ನಿಜ ಏನುಳಿಯಿತು ಎಂದು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳಿದರು. ಅದಕ್ಕೆ ನಾನು ಕುರ್ಚಿಯ ಸಂಗತಿ ಹೇಳಿದೆ. ಆಡಿಟ್ ದಿನ ಬರುವ ಒರಗುವ ಕುರ್ಚಿ, ಮಾರನೆಯ ದಿನ ಸ್ಟೋರಿಗೆ ಹೋಗುವ ಕುರ್ಚಿ. ಮುಕ್ಕಾಲಿಯ ಮೇಲೆ ಇಪ್ಪತ್ತು ವರ್ಷ ಕೂತ ಸೊಂಟ ಬೆಳಗ್ಗೆ ಏಳುವಾಗ ಏನು ಶಬ್ದ ಮಾಡುತ್ತದೆ ಎಂಬುದನ್ನೂ ಎದ್ದು ತೋರಿಸಿದೆ. "ನಿಜಾನೇ ಬೇಕು ಅಂದ್ರೆ ಇದನ್ನ ತಗಳಿ. ಅದನ್ನ ಬಿಡಿ." ನೋಟುಪುಸ್ತಕ ತೆಗೆದು ಬರೆದುಕೊಂಡರು. ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲಿಲ್ಲ. ಯೋಚಿಸುತ್ತೇನೆ ಎಂದರು.

ಅವರು ಯೋಚಿಸಿದ ಆ ಏಳು ದಿನ ನನಗೆ ಅನ್ನ ಇಳಿಯಲಿಲ್ಲ. ಪದ್ಯದ ಹಸಿವು ಆ ಮಟ್ಟಿಗೆ ನಿಜವಾಯಿತು.

ಭಾನುವಾರ ಕಂಪನಿ ಕಾರಿನಲ್ಲೇ ಕರೆದೊಯ್ದರು. ಏಸಿ ಹಾಕಿದ ದೊಡ್ಡ ಹಾಲು; ಸೆರಗು ಸುತ್ತಿಕೊಂಡರೂ ಚಳಿ. ಮುಂದಿನ ಸಾಲಿನಲ್ಲಿ ನಾನು. ನನ್ನ ಎಡಗಡೆ ತಂಬಿ, ಕಾವಲಿಗೆ, ಬಲಗಡೆ ಹುಡುಗಿ. ವೇದಿಕೆಯ ಮೇಲೆ ಮುದಲಾಳಿ ಮತ್ತು ಆ ಇಬ್ಬರು ದೊರೆಗಳು. ಮೊದಲು ಕಾಲೇಜಿನ ಒಬ್ಬ ಪ್ರೊಫೆಸರು ತಮಿಳಿನಲ್ಲಿ ಮಾತಾಡಿದರು. ಕವಿಯಮ್ಮ ಅಂದರೆ ಉರಿಯುವ ಪಂಜು, ಕಾರ್ಮಿಕ ಮಹಿಳೆ ಅಂದರೆ ಸಾವಿರ ವರ್ಷದ ತಾಯಿ ಎಂದರು. ಸಾವಿರವಾದರೆ ಅಡ್ಡಿಯಿಲ್ಲ; ಐವತ್ತೆಂಟಕ್ಕೆ ಮನೆಗೆ ಕಳಿಸುವವರು ಸಾವಿರಕ್ಕೆ ಕಳಿಸಲಾರರು. ನನಗೆ ಭಯವಿದ್ದದ್ದು ಅರವತ್ತೆಂಟಕ್ಕೆ ಮಾತ್ರ. ಪ್ರೊಫೆಸರು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು.

ಕವಿಯಮ್ಮ ಎದ್ದರು. ಅವರ ದನಿ ಬೇರೆಯಾಯಿತು. ಅದನ್ನು ಒಪ್ಪಬೇಕು. ಗೇಟಿನಲ್ಲಿ ನಿಂತು ನೂರಾರು ಜನಕ್ಕೆ ಕೇಳಿಸಿದ ದನಿ ಅದು, ಗೊರಕೆ ನಿಂತಿತು. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅದರ ಎಣಿಕೆ ಗೊತ್ತು. ಬನಿಯನ್ ಸೈಜೆಲ್ಲ ಇಂಗ್ಲಿಷೇ: ಫಿಫ್ಟಿಫೈವ್, ಸಿಕ್ಸ್‌ಟಿ, ಸಿಕ್ಸ್‌ಟಿಫೈವ್. ಬೇರೆ ಶಬ್ದವೆಲ್ಲ ಗಾಳಿಯಂತೆ ಹೋಗಲು ಬಿಟ್ಟು ನಾನು ಒಂದು ಸೈಜಿಗೆ ಕಿವಿಗೊಟ್ಟು ಕೂತೆ. ಸಿಕ್ಸ್‌ಟಿ ಬಂದರೆ ಮುಗಿಯಿತು, ನಾಳೆಯಿಂದ ಓರಗಿತ್ತಿಯ ಪಕ್ಕದಲ್ಲಿ ಕೂತು ಟೀವಿ.

ಒಂದು ಕಡೆ ಕವಿಯಮ್ಮ ನಿಂತರು. ಕಾಗದ ನೋಡಿದರು. ನನ್ನನ್ನು ನೋಡಿದರು. ಹಾಲಿನವರೆಲ್ಲ ಅದು ಪದ್ಯ ಓದುವ ಕ್ರಮ ಎಂದುಕೊಂಡಿರಬೇಕು. ಸಿಹಿ ಅಂತ ಬಾಯಿಗೆ ಹಾಕಿದ್ದು ಕಹಿಯಾದಾಗ ಮುಖ ಆಗುತ್ತದಲ್ಲ, ಹಾಗೆ ಮಾಡಿಕೊಂಡು "ಫಿಫ್ಟಿಸಿಕ್ಸ್" ಎಂದರು.

ನಾನು ಉಸಿರು ಬಿಟ್ಟದ್ದು ಹುಡುಗಿಗೆ ಕೇಳಿಸಿತು. ಕೈ ಒತ್ತಿ, "ಕುರ್ಚಿನೂ ಇದೆ ಅಜ್ಜಿ, ಕೊನೇಲಿ" ಎಂದು ಪಿಸುಗುಟ್ಟಿದಳು. ಇತ್ತು. ದೊರೆಗಳಲ್ಲಿ ಒಬ್ಬ ಕುರ್ಚಿ ಎಂದಾಗ ತಲೆಯೆತ್ತಿ ಮುದಲಾಳಿಯನ್ನು ಏನೋ ಕೇಳಿದ. ಮುದಲಾಳಿ, "ಯೆಸ್ ಯೆಸ್, ಎವೆರಿ ಡೇ" ಎಂದರು. ಅಷ್ಟು ಇಂಗ್ಲಿಷ್ ನನಗೂ ತಿಳಿಯಿತು.

ಚಪ್ಪಾಳೆ ಮುಗಿದ ಮೇಲೆ ಮುದಲಾಳಿ ಮೈಕು ಹಿಡಿದರು. ಈ ಪದ್ಯಕ್ಕೆ ಕಟ್ಟು ಹಾಕಿಸಿ ಕಂಪನಿಯ ಮುಂದಿನ ಕೋಣೆಯಲ್ಲಿ, ಆಡಿಟ್ ಸರ್ಟಿಫಿಕೇಟುಗಳ ಪಕ್ಕದಲ್ಲೇ ತೂಗು ಹಾಕುತ್ತೇವೆ ಎಂದರು. ಕವಿಯಮ್ಮನಿಗೆ ಜರಿಯಂಚಿನ ಶಾಲು ಹೊದಿಸಿದರು. ಏಸಿ ಚಳಿಗೋ ಏನೋ, ಅವರು ಅದನ್ನು ಬಿಗಿಯಾಗಿ ಸುತ್ತಿಕೊಂಡರು.

ಹೊರಗೆ ಕಾರಿನ ಹತ್ತಿರ ನನ್ನ ಬಳಿ ಬಂದರು. "ನಾಲ್ಕು ಸಲ ಜೈಲಿಗೆ ಹೋದಾಗಲೂ ಸುಳ್ಳು ಹೇಳಿರಲಿಲ್ಲ. ನೀವು ಹೇಳಿಸಿದ್ರಿ" ಎಂದರು, ಹುಡುಗಿಯ ಬಾಯಲ್ಲಿ.

"ಜೈಲಲ್ಲಿ ನಿಮ್ಮನ್ನ ಮಾತ್ರ ಕೇಳಿರ್ತಾರೆ. ಇಲ್ಲಿ ನೀವು ಹೇಳಿದ್ರೆ ಸೀಟು ಹೋಗೋದು ನನ್ದು" ಎಂದೆ. ಹುಡುಗಿ ಏನೆಂದು ತಿರುಗಿಸಿದಳೋ, ಅವರು ನನ್ನನ್ನು ತಬ್ಬಿಕೊಂಡರು. ನನಗೆ ತಬ್ಬುವುದು ಅಭ್ಯಾಸವಿಲ್ಲ. ಕಂಬದಂತೆ ನಿಂತೆ. ಅವತ್ತೇ ಸಂಜೆ ವಿಮಾನ ಹತ್ತಿ ಹೋದರು.

ವಾಪಸು ಬರುವಾಗ ಕಾರು ಸೂಲೂರು ದಾಟಿತು. ತಂಬಿ ಕೇಳಿದ: "ಪಾಟ್ಟಿ, ಆ ಅಮ್ಮ ವಯಸ್ಸು ಬರೋ ಕಡೆ ನಿಂತು ನಿಮ್ಮ ಮುಖ ನೋಡಿದ್ರು. ಚಿಂದಿ ಕೋಣೇಲಿ ಆ ಹುಡುಗಿ ನಿಮ್ಮನ್ನ ಯಾವ ಭಾಷೇಲಿ ಕೇಳಿದ್ಲು?"

"ನಮ್ಮನೆ ಭಾಷೇಲಿ."

"ನಮ್ಮ ಕಂಪನೀಲಿ ಆ ಭಾಷೆಯವರು ಇನ್ನೆಷ್ಟು ಜನ?"

"ಐದು."

ತಂಬಿ ಬೆರಳು ಮಡಿಸಿ ಐದು ಎಣಿಸಿಕೊಂಡ.

ಮಾರನೆಯ ಬೆಳಗ್ಗೆ ಎಂಟು ಗಂಟೆಗೆ ಕಂಪನಿಗೆ ಹೋದೆ. ಆ ದೊರೆಗೆ ಮುದಲಾಳಿ ದಿನಾ ಎಂದಿದ್ದರಲ್ಲ, ಒರಗುವ ಕುರ್ಚಿಗಳು ಸ್ಟೋರಿನಿಂದ ಹೊರಗೆ ಬಂದಿದ್ದವು. ಮೇಜಿನ ಸುತ್ತಲೂ ಇದ್ದವು. ತಂಬಿ ನಮ್ಮ ಐದು ಜನ ಕನ್ನಡದ ಹೆಂಗಸರನ್ನು ನನ್ನ ಮುಂದೆ ಸಾಲಾಗಿ ನಿಲ್ಲಿಸಿದ. "ಪಾಟ್ಟಿ, ಕೇಳೋದು ನೀವು. ನಿಮ್ಮ ಭಾಷೇಲಿ."

ಕೇಳಿದೆ. "ನೀರೈತಾ?" ಐತೆ. "ಯಾರಾನ ಬೈತಾರಾ?" ಇಲ್ಲ. "ವಯಸ್ಸೆಷ್ಟು?" ಎಂದಾಗ ಕೊನೆಯಲ್ಲಿ ನಿಂತಿದ್ದ, ನನ್ನ ಓರಗೆಯವಳೊಬ್ಬಳು, "ಯಾರ್ದು, ನನ್ದಾ, ಕಾರ್ಡಿಂದಾ?" ಎಂದಳು. "ಇನ್ಮೇಲೆ ಕನ್ನಡದಲ್ಲೂ ಕಾರ್ಡಿಂದೇ ಕಣೇ" ಎಂದು ಮೂರು ಸಲ ಹೇಳಿಸಿದೆ. ಕಡೆಗೆ "ಒರಗೋ ಕುರ್ಚಿ ಐತಾ?" ಎಂದು ಕೇಳಿದೆ. ಐವರೂ ಹಿಂದೆ ತಿರುಗಿ ನೋಡಿ, ಆಮೇಲೆ ಐತೆ ಎಂದರು.

ನನ್ನ ಕುರ್ಚಿಯ ಒಂದು ಕಾಲು ಗಿಡ್ಡ. ಚಿಂದಿ ಕೋಣೆಗೆ ಹೋಗಿ ಒಂದು ತುಂಡು ಬಟ್ಟೆ ತಂದು, ನಾಲ್ಕು ಮಡಿಕೆ ಮಡಿಸಿ ಕಾಲಿನ ಕೆಳಗಿಟ್ಟು, ಕೂತು ಕತ್ತರಿ ಕೈಗೆ ತೆಗೆದುಕೊಂಡೆ.